ಮನೆಯ ಹಿತ್ತಲಿನ ಬಲಿತ ಮರಗಳ ತೆರವು ಮತ್ತು ನೆರೆಹೊರೆಯವರ ಆಕ್ಷೇಪಣೆ: ಸಾರ್ವಜನಿಕ ಮಾಹಿತಿ

1. ಪೀಠಿಕೆ

ನಗರಗಳ ಹಳೆಯ ಬಡಾವಣೆಗಳಲ್ಲಿ ಮನೆಯ ಹಿಂದೆ ಒಂದಿಷ್ಟು ಜಾಗವನ್ನು ಬಿಟ್ಟು ಮಾವು, ಹಲಸು, ಸಂಪಿಗೆ, ಬೇವು, ಹೊಂಗೆ, ನೇರಳೆ ಮುಂತಾದ ಮರಗಳನ್ನು ಬೆಳೆಸುವುದು ಹಿಂದಿನಿಂದ ಬಂದ ರೂಢಿಯಾಗಿದೆ. ಬೆಂಗಳೂರಿನಲ್ಲಿ 1898ರ ಪ್ಲೇಗ್ ಪಿಡುಗಿನ ಕಾಲದಲ್ಲಿ ರೂಪುಗೊಂಡ ಬಸವನಗುಡಿ ಮತ್ತು ಮಲ್ಲೇಶ್ವರ, 1948ರಲ್ಲಿ ಆರಂಭವಾದ ಜಯನಗರ ಮೊದಲಾದ ಬಡಾವಣೆಗಳ ಹಸಿರಿನಲ್ಲಿ ರಸ್ತೆಬದಿಯ ಸಾಲುಮರಗಳಷ್ಟೇ ಅಲ್ಲದೆ ಇಂತಹ ಹಿತ್ತಲ ಮರಗಳ ಪಾಲೂ ಇದೆ.

ಹಳೆಯ ಮನೆಗಳನ್ನು ಕೆಡವಿ ಬಹುಮಹಡಿ ಕಟ್ಟಡಗಳನ್ನು ನಿರ್ಮಿಸುವ ಸಂದರ್ಭದಲ್ಲಿ ಈ ಮರಗಳ ತೆರವಿಗೆ ಅರ್ಜಿಗಳು ಸಲ್ಲಿಕೆಯಾಗುತ್ತವೆ. ಅದೇ ವೇಳೆ ಅಕ್ಕಪಕ್ಕದ ನಿವಾಸಿಗಳು ಮತ್ತು ಬಡಾವಣೆಯ ನಿವಾಸಿಗಳ ಸಂಘಗಳು ತೆರವನ್ನು ವಿರೋಧಿಸುವುದೂ ಉಂಟು. ಮರವು ತನ್ನ ಸ್ವಂತ ನಿವೇಶನದಲ್ಲಿದೆ ಎಂಬುದು ಮಾಲೀಕರ ವಾದ. ಮರದ ನೆರಳು ಮತ್ತು ಗಾಳಿ ಇಡೀ ಬೀದಿಗೆ ಸೇರಿದ್ದು ಎಂಬುದು ನೆರೆಹೊರೆಯವರ ವಾದ. ಈ ಎರಡೂ ವಾದಗಳಿಗೆ ಕಾನೂನಿನಲ್ಲಿ ಇರುವ ಸ್ಥಾನ, ಅರ್ಜಿ ಹಾಗೂ ಆಕ್ಷೇಪಣೆ ಸಲ್ಲಿಸುವ ಕ್ರಮ ಮತ್ತು ತೆರವಿಗೆ ಇರುವ ಪರ್ಯಾಯಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

2. ಅನ್ವಯವಾಗುವ ಕಾನೂನು

ಮರಗಳ ತೆರವನ್ನು ನಿಯಂತ್ರಿಸಲು ರಾಜ್ಯದಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976 ಜಾರಿಯಲ್ಲಿದೆ. ಸದರಿ ಅಧಿನಿಯಮದ 8ನೇ ಪ್ರಕರಣದ ಪ್ರಕಾರ, ಸ್ವಂತ ಜಮೀನಿನಲ್ಲಿಯೇ ಆಗಲಿ, ಇತರರ ಜಮೀನಿನಲ್ಲಿಯೇ ಆಗಲಿ, ವೃಕ್ಷ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಯಾವುದೇ ವ್ಯಕ್ತಿಯು ಮರವನ್ನು ಕಡಿಯುವಂತಿಲ್ಲ ಅಥವಾ ಕಡಿಸುವಂತಿಲ್ಲ. ಹಿತ್ತಲಿನ ಮರವು ಮಾಲೀಕರ ಸ್ವತ್ತು ಎಂಬುದನ್ನು ಕಾನೂನು ಅಲ್ಲಗಳೆಯುವುದಿಲ್ಲ. ಆದರೆ ಆ ಸ್ವತ್ತನ್ನು ಇಲ್ಲವಾಗಿಸುವ ಮೊದಲು ಅನುಮತಿ ಪಡೆಯುವುದನ್ನು ಕಡ್ಡಾಯಗೊಳಿಸುತ್ತದೆ.

ಬುಡಕ್ಕೆ ಗರಗಸ ಇಡುವುದು ಮಾತ್ರ ಕಡಿಯುವಿಕೆ ಎಂದು ಭಾವಿಸತಕ್ಕದ್ದಲ್ಲ. ಮರವನ್ನು ಸುಡುವುದು ಅಥವಾ ಬೇರಾವುದೇ ರೀತಿಯಲ್ಲಿ ಅದಕ್ಕೆ ಹಾನಿ ಮಾಡುವುದೂ ಇದರ ವ್ಯಾಪ್ತಿಗೆ ಬರುತ್ತದೆ. ಕಾಂಡದ ಸುತ್ತಲೂ ತೊಗಟೆ ಸುಲಿದು ಮರವನ್ನು ಒಣಗಿಸುವುದು, ಬುಡಕ್ಕೆ ಆಮ್ಲ ಸುರಿಯುವುದು ಮುಂತಾದ ಕೃತ್ಯಗಳೂ ಅಪರಾಧಗಳೇ ಆಗಿರುತ್ತವೆ. ಹೀಗೆ ಒಣಗಿಸಿದ ಮರವನ್ನು ತರುವಾಯ ಒಣಮರವೆಂದು ತೋರಿಸಿ ಅನುಮತಿ ಕೋರುವ ಪ್ರಯತ್ನಗಳು ಸ್ಥಳ ಪರಿಶೀಲನೆಯ ವೇಳೆ ಬೆಳಕಿಗೆ ಬರಬಹುದು.

ಕೆಲವು ಜಾತಿಯ ಮರಗಳಿಗೆ 8ನೇ ಪ್ರಕರಣದ ನಿರ್ಬಂಧದಿಂದ ವಿನಾಯಿತಿ ಇದೆ. ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್, ಗ್ಲಿರಿಸಿಡಿಯಾ, ಹಾಲುವಾಣ ಮುಂತಾದವು ಈ ಪಟ್ಟಿಯಲ್ಲಿವೆ. ಈ ಪಟ್ಟಿಯು ಮರವು ದೇಶೀಯವೇ ಅಥವಾ ಹೊರಗಿನಿಂದ ಬಂದದ್ದೇ ಎಂಬ ಆಧಾರದ ಮೇಲೆ ರಚನೆಯಾದುದಲ್ಲ ಎಂಬುದನ್ನು ಗಮನಿಸಬೇಕು. ಹಾಲುವಾಣವು ಈ ನೆಲದ ಮರವೇ ಆದರೂ ವಿನಾಯಿತಿ ಪಡೆದಿದೆ. ಹೊರದೇಶದಿಂದ ಬಂದ ಮಳೆಮರ ಮತ್ತು ಗುಲ್‌ಮೊಹರ್‌ಗಳಿಗೆ ವಿನಾಯಿತಿ ಇಲ್ಲ. ಆದ್ದರಿಂದ "ಇದು ನಮ್ಮ ದೇಶದ ಮರ" ಎಂಬ ಒಂದೇ ಕಾರಣವು ಆಕ್ಷೇಪಣೆಯನ್ನು ಪುಷ್ಟೀಕರಿಸಲು ಸಾಲದು. ಅಂತೆಯೇ "ಇದು ಹೊರಗಿನ ಮರ" ಎಂಬುದು ತೆರವಿಗೆ ಕಾರಣವಾಗಲಾರದು.

ಶ್ರೀಗಂಧದ ಮರಗಳಿಗೆ ಕರ್ನಾಟಕ ಅರಣ್ಯ ಅಧಿನಿಯಮ, 1963ರ ಪ್ರತ್ಯೇಕ ಉಪಬಂಧಗಳು ಅನ್ವಯವಾಗುತ್ತವೆ. 2001ರ ತಿದ್ದುಪಡಿಯ ನಂತರ ಖಾಸಗಿ ಜಮೀನಿನಲ್ಲಿ ಬೆಳೆದ ಶ್ರೀಗಂಧದ ಮರದ ಒಡೆತನವು ಜಮೀನಿನ ಹಿಡುವಳಿದಾರರದ್ದಾಗಿದೆ. ಆದರೂ ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಅಗತ್ಯ.

3. "ಬಲಿತ ಮರ" ಎಂಬ ಪದದ ಎರಡು ಅರ್ಥ

ಹಿತ್ತಲ ಮರಗಳ ಬಗೆಗಿನ ಅನೇಕ ವಿವಾದಗಳಿಗೆ ಈ ಒಂದು ಪದವೇ ಮೂಲವಾಗಿರುವುದರಿಂದ ಇದನ್ನು ವಿವರವಾಗಿ ತಿಳಿಯುವುದು ಅವಶ್ಯಕ.

ಅಧಿನಿಯಮದ ಪ್ರಕಾರ ಈ ಕೆಳಕಂಡ ಸಂದರ್ಭಗಳಲ್ಲಿ ಅನುಮತಿಯನ್ನು ನಿರಾಕರಿಸುವಂತಿಲ್ಲ:

(ಅ) ಮರವು ಸತ್ತಿದ್ದರೆ, ರೋಗಪೀಡಿತವಾಗಿದ್ದರೆ ಅಥವಾ ಗಾಳಿಗೆ ಉರುಳಿದ್ದರೆ;
(ಆ) ವನಕೃಷಿ ಶಾಸ್ತ್ರದ ದೃಷ್ಟಿಯಿಂದ ಬಲಿತಿದ್ದು, ಕಡಿದಾದ ಇಳಿಜಾರಿನಲ್ಲಿ ಇಲ್ಲದಿದ್ದರೆ;
(ಇ) ಜೀವ ಅಥವಾ ಆಸ್ತಿಗೆ ಅಪಾಯಕಾರಿಯಾಗಿದ್ದರೆ;
(ಈ) ವಾಹನ ಸಂಚಾರಕ್ಕೆ ಅಡ್ಡಿಯಾಗಿದ್ದರೆ;
(ಉ) ಬೆಂಕಿ, ಸಿಡಿಲು, ಮಳೆ ಅಥವಾ ಇತರ ನೈಸರ್ಗಿಕ ಕಾರಣಗಳಿಂದ ಬಹುಮಟ್ಟಿಗೆ ಹಾನಿಗೊಂಡಿದ್ದರೆ;
(ಊ) ಗ್ರಾಮೀಣ ಪ್ರದೇಶಗಳಲ್ಲಿ ಸೌದೆ, ಮೇವು, ಕೃಷಿ ಉಪಕರಣ ಮುಂತಾದ ನೈಜ ಗೃಹಬಳಕೆಗೆ ಬೇಕಾಗಿದ್ದರೆ.

ಇವುಗಳ ಪೈಕಿ (ಆ) ಅಂಶವೇ ವಿವಾದದ ಕೇಂದ್ರವಾಗಿರುತ್ತದೆ. ವನಕೃಷಿಯಲ್ಲಿ ಬಲಿತ ಮರವೆಂದರೆ ಬೆಳವಣಿಗೆಯ ವೇಗ ತಗ್ಗಿ, ನಾಟಾ ದೃಷ್ಟಿಯಿಂದ ಕಟಾವಿಗೆ ಸಿದ್ಧವಾದ ಮರ. ಅದು ಮರದ ಆಯುಸ್ಸು ಮುಗಿದಿದೆ ಎಂಬ ಅರ್ಥವನ್ನು ಕೊಡುವುದಿಲ್ಲ. ಚೆನ್ನಾಗಿ ಬೆಳೆದ ಹಲಸು ಅಥವಾ ಮಾವು ಈ ಅರ್ಥದಲ್ಲಿ ಬಲಿತ ಮೇಲೆಯೂ ದಶಕಗಳ ಕಾಲ ಫಲ ಕೊಡಬಲ್ಲದು. ಬಡಾವಣೆಯ ನಿವಾಸಿಗಳು ಅದೇ ಪದವನ್ನು ಇದಕ್ಕೆ ವಿರುದ್ಧವಾದ ಭಾವದಿಂದ ಬಳಸುತ್ತಾರೆ. ಮರವು ಬಲಿತಿರುವುದರಿಂದಲೇ ಅದರ ಕೊಂಬೆ ಹರಡಿದೆ, ನೆರಳು ದೊಡ್ಡದಾಗಿದೆ, ಹಕ್ಕಿಗಳು ನೆಲೆಸಿವೆ, ಆದ್ದರಿಂದಲೇ ಉಳಿಸಬೇಕು ಎಂಬುದು ಅವರ ನಿಲುವು. ಹೀಗೆ ಕಡಿಯಲು ಕಾರಣವಾಗುವ ಗುಣವೇ ಉಳಿಸಲೂ ಕಾರಣವಾಗುತ್ತದೆ.

ಮರವು ಬಲಿತಿದೆಯೇ, ರೋಗಪೀಡಿತವೇ, ಅಪಾಯಕಾರಿಯೇ ಎಂಬುದನ್ನು ಅರ್ಜಿದಾರರು ಬರೆದ ಮಾತ್ರಕ್ಕೆ ಒಪ್ಪುವಂತಿಲ್ಲ. ಮರವನ್ನು ಪರಿಶೀಲಿಸಿ, ಅಗತ್ಯವೆನಿಸಿದ ವಿಚಾರಣೆಯನ್ನು ನಡೆಸಿ, ಅನುಮತಿಯನ್ನು ಪೂರ್ಣವಾಗಿ ಅಥವಾ ಭಾಗಶಃ ನೀಡುವ ಅಥವಾ ನಿರಾಕರಿಸುವ ಅಧಿಕಾರ ವೃಕ್ಷ ಅಧಿಕಾರಿಗೆ ಇರುತ್ತದೆ. ನೆರೆಹೊರೆಯವರ ಲಿಖಿತ ಆಕ್ಷೇಪಣೆಗೆ ಬೆಲೆ ಬರುವುದು ಈ ಹಂತದಲ್ಲಿ.

4. ಸಾರ್ವಜನಿಕ ವಿರೋಧದ ಹಿನ್ನೆಲೆ

ಮರ ಕಡಿಯುವುದನ್ನು ಜನರು ಒಟ್ಟಾಗಿ ತಡೆಯುವುದು ರಾಜ್ಯಕ್ಕೆ ಹೊಸದಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಗ್ರಾಮಸ್ಥರು ಕಾಡಿನ ಮರಗಳನ್ನು ತಬ್ಬಿಕೊಂಡು ಕಡಿಯುವುದನ್ನು ತಡೆದರು. ಅದು ಅಪ್ಪಿಕೊ ಚಳವಳಿ ಎಂದು ಹೆಸರಾಯಿತು. ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉದ್ದೇಶಿಸಲಾಗಿದ್ದ ಉಕ್ಕಿನ ಮೇಲ್ಸೇತುವೆಗೆ 812 ಮರಗಳನ್ನು ತೆರವುಗೊಳಿಸಬೇಕಾಗಿತ್ತು. 2016ರ ಅಕ್ಟೋಬರ್‌ನಲ್ಲಿ ನಾಗರಿಕರು ಮಾನವ ಸರಪಳಿ ರಚಿಸಿ ಪ್ರತಿಭಟಿಸಿದರು. 2017ರ ಮಾರ್ಚ್‌ನಲ್ಲಿ ಯೋಜನೆಯನ್ನು ಕೈಬಿಡಲಾಯಿತು.

ಕಾಡಿನ ಮರ ಮತ್ತು ರಸ್ತೆಬದಿಯ ಮರಗಳು ಸಾರ್ವಜನಿಕ ಸ್ವತ್ತುಗಳು. ಹಿತ್ತಲಿನ ಮರದ ಸಂಗತಿ ಬೇರೆ. ಸಾರ್ವಜನಿಕ ಉದ್ದೇಶಕ್ಕಾಗಿ 50ಕ್ಕಿಂತ ಹೆಚ್ಚು ಮರಗಳನ್ನು ತೆರವುಗೊಳಿಸಬೇಕಾದಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಲು ಅಧಿನಿಯಮದಲ್ಲಿ ಅವಕಾಶವಿದೆ. ಒಂದು ಮನೆಯ ಹಿಂದಿನ ಒಂದೆರಡು ಮರಗಳಿಗೆ ಈ ಅವಕಾಶ ಅನ್ವಯವಾಗುವುದಿಲ್ಲ. ಹೀಗಾಗಿ ಯಂತ್ರದ ಸದ್ದು ಕೇಳಿದಾಗಲೇ ಪಕ್ಕದ ಮನೆಯವರಿಗೆ ವಿಷಯ ತಿಳಿಯುವ ಸಂದರ್ಭಗಳು ಉಂಟಾಗುತ್ತವೆ. ಅಷ್ಟರಲ್ಲಿ ಆಕ್ಷೇಪಣೆಯ ಹಂತ ಮುಗಿದಿರುತ್ತದೆ.

5. ನಿವಾಸಿಗಳು ವಿರೋಧಿಸುವ ಕಾರಣಗಳು

ಬಿಸಿಲು ಮತ್ತು ಧೂಳು: ಬೆಂಗಳೂರಿನ ರಸ್ತೆಗಳಲ್ಲಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮರಗಳಿರುವ ಭಾಗದಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆಯು ಮರಗಳಿಲ್ಲದ ಭಾಗಕ್ಕಿಂತ ಗರಿಷ್ಠ 5.6 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆ ಇರುವುದು ಕಂಡುಬಂದಿದೆ. ರಸ್ತೆ ಮೇಲ್ಮೈಯ ಉಷ್ಣತೆಯಲ್ಲಿ ಈ ವ್ಯತ್ಯಾಸವು ಗರಿಷ್ಠ 27.5 ಡಿಗ್ರಿಯಷ್ಟಿತ್ತು. ಈ ಅಂಕಿಗಳು ರಸ್ತೆಬದಿಯ ಮರಗಳಿಗೆ ಸಂಬಂಧಿಸಿದವು. ಹಿತ್ತಲಿನ ಮರವೂ ತನ್ನ ನೆರಳು ಬೀಳುವ ಗೋಡೆ, ತಾರಸಿ ಮತ್ತು ಅಂಗಳಗಳನ್ನು ತಂಪಾಗಿ ಇಡುತ್ತದೆ. ಆ ನೆರಳು ಬೆಳಗ್ಗೆ ಒಂದು ಮನೆಯ ಮೇಲೆ ಬಿದ್ದರೆ ಸಂಜೆ ಇನ್ನೊಂದು ಮನೆಯ ಮೇಲೆ ಬೀಳುತ್ತದೆ.

ಹಕ್ಕಿ ಮತ್ತು ಪ್ರಾಣಿಗಳ ಆಸರೆ: ಅತ್ತಿ, ಆಲ, ಅರಳಿ ಮರಗಳು ಇತರ ಹಣ್ಣುಗಳು ದೊರೆಯದ ಕಾಲದಲ್ಲಿಯೂ ಫಲ ಬಿಟ್ಟು ಕುಟ್ರು ಹಕ್ಕಿ, ಕೋಗಿಲೆ ಹಾಗೂ ಬಾವಲಿಗಳಿಗೆ ಆಹಾರ ಒದಗಿಸುತ್ತವೆ. ಬೆಂಗಳೂರಿನ ಕೆಲವು ಮರದಟ್ಟಣೆಯ ಪ್ರದೇಶಗಳಲ್ಲಿ ಕಾಡುಪಾಪ ಇಂದಿಗೂ ಉಳಿದಿದೆ. ರಾತ್ರಿ ಸಂಚರಿಸುವ ಈ ಪ್ರಾಣಿಯು ನೆಲಕ್ಕೆ ಇಳಿಯಲು ಹಿಂಜರಿಯುತ್ತದೆ. ಕೊಂಬೆಯಿಂದ ಕೊಂಬೆಗೆ ದಾಟುತ್ತದೆ. ಸಾಲಿನ ನಡುವೆ ಒಂದು ಹಿತ್ತಲಿನ ಮರ ಹೋದರೆ ಅದರ ದಾರಿಯೇ ತುಂಡಾಗುತ್ತದೆ. ಇದು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಮೊದಲನೇ ಅನುಸೂಚಿಯಲ್ಲಿ ಸೇರಿದ ಪ್ರಾಣಿ. ಅನುಸೂಚಿತ ಪಕ್ಷಿಗಳ ಗೂಡು ಮತ್ತು ಮೊಟ್ಟೆಗಳಿಗೆ ತೊಂದರೆ ಮಾಡುವುದೂ ಸದರಿ ಅಧಿನಿಯಮದಡಿ ಅಪರಾಧ.

ಬದಲಿ ಸಸಿಯ ಮಿತಿ: ಕಡಿದ ಮರಕ್ಕೆ ಬದಲಾಗಿ ಸಸಿ ನೆಡುವ ಷರತ್ತು ಇದ್ದೇ ಇರುತ್ತದೆ. ಆದರೆ ಅರವತ್ತು ವರ್ಷದ ಮರ ಕೊಡುತ್ತಿದ್ದ ನೆರಳನ್ನು ಇಂದು ನೆಟ್ಟ ಸಸಿಯಿಂದ ಪಡೆಯಲು ಹೆಚ್ಚು ಕಡಿಮೆ ಅಷ್ಟೇ ಕಾಲ ಕಾಯಬೇಕಾಗುತ್ತದೆ. ಹೊಸ ಕಟ್ಟಡವು ನಿವೇಶನವನ್ನು ಪೂರ್ತಿ ಆವರಿಸಿದಲ್ಲಿ ಅದೇ ಸ್ಥಳದಲ್ಲಿ ಸಸಿಗೆ ಮಣ್ಣೇ ಉಳಿಯುವುದಿಲ್ಲ.

6. ಮಾಲೀಕರು ತೆರವು ಕೋರುವ ಕಾರಣಗಳು

ಮಾಲೀಕರ ಅಡಚಣೆಗಳೂ ನೈಜವಾದವುಗಳೇ. ಆಲ, ಅರಳಿ, ಅತ್ತಿ ಮರಗಳ ಬೇರು ಕಾಂಪೌಂಡ್ ಗೋಡೆ, ಸಂಪು ಮತ್ತು ಒಳಚರಂಡಿ ಕೊಳವೆಗಳನ್ನು ಸೀಳಬಲ್ಲದು. ಎಲೆ ಕಸದಿಂದ ತಾರಸಿಯ ನೀರುಕೊಳವೆ ಕಟ್ಟಿಕೊಳ್ಳುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ಗಾಳಿಮಳೆಯಲ್ಲಿ ಕೊಂಬೆ ಮುರಿದು ವಿದ್ಯುತ್ ತಂತಿಯ ಮೇಲೆ ಬೀಳುವ ಸಂಭವವಿರುತ್ತದೆ. ಟೊಳ್ಳಾದ ಕಾಂಡದ ಮರದ ಕೆಳಗೆ ಮಕ್ಕಳು ಮತ್ತು ವೃದ್ಧರು ವಾಸಿಸುವ ಮನೆಯಲ್ಲಿ ಆತಂಕ ಸಹಜ. ಜೀವಕ್ಕೆ ಅಪಾಯವಿರುವ ಮರವನ್ನು ನೆರೆಹೊರೆಯವರ ವಿರೋಧದ ಕಾರಣದಿಂದ ಮಾತ್ರ ಉಳಿಸಲಾಗದು.

ಆದಾಗ್ಯೂ, ಮರವು ಅಪಾಯಕಾರಿಯಾಗಲು ಮನುಷ್ಯರ ಕೆಲಸಗಳೇ ಕಾರಣವಾಗುವುದುಂಟು. ಚರಂಡಿ, ಕೇಬಲ್ ಮತ್ತು ಪಾಯದ ಅಗೆತದ ವೇಳೆ ಒಂದು ಬದಿಯ ಬೇರುಗಳನ್ನು ಕಡಿದಾಗ, ಬುಡದವರೆಗೆ ಕಾಂಕ್ರೀಟ್ ಹಾಕಿ ನೀರು ಇಂಗದಂತೆ ಮಾಡಿದಾಗ, ಒಂದೇ ಪಕ್ಕದ ಕೊಂಬೆಗಳನ್ನು ಸವರಿದಾಗ ಮರವು ತನ್ನ ಸಮತೋಲನ ಕಳೆದುಕೊಳ್ಳುತ್ತದೆ. ನಿರ್ಮಾಣ ಕಾಮಗಾರಿ ಆರಂಭಿಸುವ ಮೊದಲೇ ಬುಡದ ಸುತ್ತ ಮಣ್ಣಿನ ಜಾಗ ಕಾಯ್ದಿರಿಸಿದಲ್ಲಿ ಈ ಅಪಾಯವನ್ನು ತಗ್ಗಿಸಬಹುದಾಗಿದೆ.

7. ಅರ್ಜಿ ಸಲ್ಲಿಸುವ ಕ್ರಮ

ಮರ ತೆರವು ಕೋರುವ ಅರ್ಜಿದಾರರು ವೃಕ್ಷ ಅಧಿಕಾರಿಗೆ ಲಿಖಿತ ಅರ್ಜಿಯನ್ನು ಸಲ್ಲಿಸತಕ್ಕದ್ದು. ಅರ್ಜಿಯಲ್ಲಿ ಈ ವಿವರಗಳಿರಬೇಕು:

- ಸ್ವತ್ತಿನ ಗಡಿ ತೋರಿಸುವ ನಿವೇಶನ ನಕ್ಷೆ ಅಥವಾ ಸರ್ವೆ ನಕ್ಷೆ;
- ಮರಗಳ ಸಂಖ್ಯೆ, ಜಾತಿ ಮತ್ತು ಸುತ್ತಳತೆ;
- ತೆರವಿಗೆ ನಿರ್ದಿಷ್ಟ ಕಾರಣ.

ಸ್ವತ್ತಿನ ಒಡೆತನದ ದಾಖಲೆ ಹಾಗೂ ಮರದ ಬುಡ, ಕಾಂಡ ಮತ್ತು ಕೊಂಬೆಗಳನ್ನು ತೋರಿಸುವ ಛಾಯಾಚಿತ್ರಗಳನ್ನು ಲಗತ್ತಿಸುವುದರಿಂದ ಪರಿಶೀಲನೆ ಸುಗಮವಾಗುತ್ತದೆ. ಅರ್ಜಿ ಸಲ್ಲಿಸಿದ್ದಕ್ಕೆ ಸ್ವೀಕೃತಿಯನ್ನು ತಪ್ಪದೆ ಪಡೆಯಬೇಕು. ಸ್ವೀಕೃತಿಯು ಅನುಮತಿಯಲ್ಲ ಎಂಬುದನ್ನು ಅರ್ಜಿದಾರರು ಗಮನದಲ್ಲಿಡತಕ್ಕದ್ದು. ಕಟ್ಟಡ ನಕ್ಷೆಗೆ ದೊರೆತ ಮಂಜೂರಾತಿಯೂ ಮರ ಕಡಿಯಲು ಅನುಮತಿಯಾಗುವುದಿಲ್ಲ.

ಬೆಂಗಳೂರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳು ರಚನೆಯಾಗಿವೆ. ಆದ್ದರಿಂದ ಅರ್ಜಿದಾರರು ತಮ್ಮ ಸ್ವತ್ತು ಯಾವ ಪಾಲಿಕೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಖಚಿತಪಡಿಸಿಕೊಂಡು ಸಂಬಂಧಪಟ್ಟ ವೃಕ್ಷ ಅಧಿಕಾರಿಗೆ ಅರ್ಜಿ ಸಲ್ಲಿಸಬೇಕು. ಇತರ ಊರುಗಳ ನಿವಾಸಿಗಳು ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ಕಡಿದ ನಾಟಾವನ್ನು ಬೇರೆಡೆಗೆ ಸಾಗಿಸಲು ಪ್ರತ್ಯೇಕ ರಹದಾರಿ ಬೇಕಾಗುವ ಸಂದರ್ಭಗಳಿರುವುದರಿಂದ, ಈ ಬಗ್ಗೆಯೂ ಅದೇ ವೇಳೆ ಮಾಹಿತಿ ಪಡೆಯುವುದು ಸೂಕ್ತ.

8. ಆಕ್ಷೇಪಣೆ ಸಲ್ಲಿಸುವ ಕ್ರಮ

ಆಕ್ಷೇಪಣೆಗೆ ನಿಗದಿತ ನಮೂನೆಯ ಅಗತ್ಯವಿಲ್ಲ. ವೃಕ್ಷ ಅಧಿಕಾರಿಗೆ ಬರೆದ ಪತ್ರ ಸಾಕು. ಆದರೆ ಅದು ಅನುಮತಿ ಆದೇಶ ಹೊರಡುವ ಮೊದಲೇ ತಲುಪುವಂತಿರಬೇಕು. ಅಕ್ಕಪಕ್ಕದ ಮನೆ ಮಾರಾಟವಾದಾಗ ಅಥವಾ ಕೆಡವಲು ಸಿದ್ಧತೆ ಕಂಡಾಗಲೇ ಮರದ ಬಗ್ಗೆ ಅರ್ಜಿ ಸಲ್ಲಿಕೆಯಾಗಿದೆಯೇ ಎಂದು ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ, ಸ್ಥಳ ಪರಿಶೀಲನಾ ವರದಿ ಮತ್ತು ಆದೇಶದ ಪ್ರತಿಗಳನ್ನು ಕೋರಬಹುದು. ಮಾಹಿತಿ ನೀಡಲು 30 ದಿನಗಳ ಕಾಲಾವಕಾಶ ಇರುವುದರಿಂದ ತುರ್ತು ಸಂದರ್ಭದಲ್ಲಿ ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಆಕ್ಷೇಪಣೆಯು ಕಾನೂನಿನಲ್ಲಿರುವ ಕಾರಣಗಳಿಗೆ ಉತ್ತರವಾಗಿರಬೇಕು. ಮರವು ಅಪಾಯಕಾರಿ ಎಂದು ಅರ್ಜಿಯಲ್ಲಿ ಹೇಳಿದ್ದರೆ, ಅದು ಆರೋಗ್ಯವಾಗಿದೆ ಎಂಬುದಕ್ಕೆ ಛಾಯಾಚಿತ್ರ, ಕೊಂಬೆ ಸವರುವುದರಿಂದ ಅಪಾಯ ನಿವಾರಣೆಯಾಗುತ್ತದೆ ಎಂಬ ಸಲಹೆ, ಗೂಡು ಅಥವಾ ವನ್ಯಪ್ರಾಣಿಗಳ ಇರುವಿಕೆಯ ವಿವರ, ಕಟ್ಟಡ ನಕ್ಷೆಯಲ್ಲಿ ಮರವನ್ನು ಉಳಿಸಿಕೊಳ್ಳಲು ಇರುವ ಅವಕಾಶ, ಇವುಗಳನ್ನು ನಮೂದಿಸುವುದು ಪ್ರಯೋಜನಕಾರಿ. ನೂರು ಸಹಿಗಳಿರುವ ಮನವಿಯು ಜನರ ಕಾಳಜಿಯನ್ನು ತೋರಿಸುತ್ತದೆ. ಮರದ ಸ್ಥಿತಿಯ ಬಗ್ಗೆ ಒಂದು ಸ್ಪಷ್ಟ ಸಂಗತಿಯು ನಿರ್ಣಯಕ್ಕೆ ನೆರವಾಗುತ್ತದೆ. ಗಡಿ ತಕರಾರು ಮತ್ತು ವೈಯಕ್ತಿಕ ಮನಸ್ತಾಪಗಳನ್ನು ಆಕ್ಷೇಪಣೆಯಲ್ಲಿ ಬೆರೆಸತಕ್ಕದ್ದಲ್ಲ.

ವೃಕ್ಷ ಅಧಿಕಾರಿಯ ಆದೇಶದ ವಿರುದ್ಧ ವೃಕ್ಷ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಮೇಲ್ಮನವಿಗೆ ಕಾಲಮಿತಿ ಇರುವುದರಿಂದ ಆದೇಶದ ಪ್ರತಿಯನ್ನು ಕೂಡಲೇ ಪಡೆಯಬೇಕು.

9. ತೆರವಿಗೆ ಪರ್ಯಾಯಗಳು

(1) ಅಪಾಯಕಾರಿ ಕೊಂಬೆಗಳನ್ನು ಮಾತ್ರ ತೆಗೆಯುವುದು: ಭಾರವನ್ನು ಎಲ್ಲ ಬದಿಗೂ ಸಮನಾಗಿ ಇಳಿಸಬೇಕು. ದೊಡ್ಡ ಕೊಂಬೆಗಳನ್ನು ತೆಗೆಯುವ ಮೊದಲು ವೃಕ್ಷ ಅಧಿಕಾರಿಯ ಗಮನಕ್ಕೆ ತರತಕ್ಕದ್ದು. ಮಳೆಗಾಲಕ್ಕೆ ಮುಂಚೆ ಈ ಕೆಲಸ ಮುಗಿಸುವುದು ಸೂಕ್ತ.

(2) ಕಟ್ಟಡ ನಕ್ಷೆಯ ಮಾರ್ಪಾಡು: ನಿಯಮದಂತೆ ನಿವೇಶನದ ಹಿಂಭಾಗದಲ್ಲಿ ಬಿಡಲೇಬೇಕಾದ ತೆರವು ಜಾಗವನ್ನು ಮರವಿರುವ ಕಡೆಗೆ ಹೊಂದಿಸಿಕೊಂಡರೆ ಅನೇಕ ವೇಳೆ ಮರ ಉಳಿಯುತ್ತದೆ. ನಕ್ಷೆ ತಯಾರಿಸುವ ಮೊದಲೇ ಇದನ್ನು ಯೋಚಿಸಬೇಕು.

(3) ಸ್ಥಳಾಂತರ: ಆಲ, ಅರಳಿ, ಅತ್ತಿ ಜಾತಿಯ ಮರಗಳು ಸ್ಥಳಾಂತರವನ್ನು ಹೆಚ್ಚಾಗಿ ತಾಳಿಕೊಳ್ಳುತ್ತವೆ. ಆಳವಾದ ತಾಯಿಬೇರಿನ ದೊಡ್ಡ ಮಾವು ಮತ್ತು ಹಲಸಿನ ಮರಗಳು ಬದುಕುವ ಸಾಧ್ಯತೆ ಕಡಿಮೆ. ಇಕ್ಕಟ್ಟಾದ ಹಿತ್ತಲಿಗೆ ಯಂತ್ರಗಳು ಬರಲಾಗದಿರುವುದೂ ಒಂದು ತೊಡಕು. ನಂತರದ ಆರೈಕೆ ಇಲ್ಲದ ಸ್ಥಳಾಂತರವು ತೆರವಿಗೆ ಸಮಾನ.

(4) ತೆರವು ಅನಿವಾರ್ಯವಾದಲ್ಲಿ: ಆದೇಶದಲ್ಲಿ ಸೂಚಿಸಿದ ಅವಧಿಯೊಳಗೆ ಬದಲಿ ಸಸಿಗಳನ್ನು ನೆಟ್ಟು ಪೋಷಿಸತಕ್ಕದ್ದು. ಚಿಕ್ಕ ನಿವೇಶನಗಳಿಗೆ ಬಿಲ್ವ, ನೆಲ್ಲಿ, ಪಾರಿಜಾತ, ನುಗ್ಗೆ, ಕರಿಬೇವು ಮುಂತಾದ, ಗೋಡೆಗೆ ತೊಂದರೆ ಕೊಡದ ಜಾತಿಗಳು ಸೂಕ್ತ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೆರೆಮನೆಯವರ ಒಪ್ಪಿಗೆ ಪತ್ರ ಇಲ್ಲದೆ ಅನುಮತಿ ದೊರೆಯುವುದೇ?
ಉತ್ತರ: ದೊರೆಯಬಹುದು. ನೆರೆಯವರ ಒಪ್ಪಿಗೆಯನ್ನು ಅಧಿನಿಯಮವು ಷರತ್ತಾಗಿ ವಿಧಿಸಿಲ್ಲ. ಅವರ ವಿರೋಧವೂ ತಾನಾಗಿಯೇ ಅನುಮತಿಯನ್ನು ತಡೆಯುವುದಿಲ್ಲ. ಅದು ಅಧಿಕಾರಿಯು ಪರಿಗಣಿಸಬಹುದಾದ ಸಂಗತಿ.

ಪ್ರಶ್ನೆ: ಪಕ್ಕದ ಮನೆಯ ಮರದ ಕೊಂಬೆ ತಮ್ಮ ಅಂಗಳಕ್ಕೆ ಚಾಚಿದ್ದರೆ ಸ್ವತಃ ಕಡಿಯಬಹುದೇ?
ಉತ್ತರ: ಮರಕ್ಕೆ ಹಾನಿಯಾಗುವಂತೆ ಕಡಿಯುವುದು ನಿರ್ಬಂಧಕ್ಕೆ ಒಳಪಡುತ್ತದೆ. ಮಾಲೀಕರೊಡನೆ ಮಾತನಾಡಿ, ವೃಕ್ಷ ಅಧಿಕಾರಿಗೆ ಮನವಿ ಸಲ್ಲಿಸುವುದು ಸರಿಯಾದ ಕ್ರಮ.

ಪ್ರಶ್ನೆ: ಅನುಮತಿ ಇಲ್ಲದೆ ಮರ ಕಡಿಯುತ್ತಿರುವುದು ಕಂಡುಬಂದರೆ ಏನು ಮಾಡಬೇಕು?
ಉತ್ತರ: ಅನುಮತಿ ಆದೇಶವನ್ನು ತೋರಿಸುವಂತೆ ಸೌಜನ್ಯದಿಂದ ಕೋರಬಹುದು. ಆದೇಶ ಇಲ್ಲದಿದ್ದಲ್ಲಿ ವೃಕ್ಷ ಅಧಿಕಾರಿ ಅಥವಾ ಅರಣ್ಯ ಇಲಾಖೆಯ ಸಿಬ್ಬಂದಿಗೆ ಕೂಡಲೇ ತಿಳಿಸಬೇಕು. ದಿನಾಂಕ, ವೇಳೆ ಮತ್ತು ಸ್ಥಳವನ್ನು ಗುರುತು ಮಾಡಿಕೊಂಡು ರಸ್ತೆಯಿಂದಲೇ ಛಾಯಾಚಿತ್ರ ತೆಗೆಯಬಹುದು. ಇತರರ ಸ್ವತ್ತಿನೊಳಗೆ ಪ್ರವೇಶಿಸಬಾರದು. ಕೆಲಸಗಾರರೊಡನೆ ಘರ್ಷಣೆಗೆ ಇಳಿಯಬಾರದು.

ಪ್ರಶ್ನೆ: ಅನುಮತಿ ಪಡೆದ ಮರದಲ್ಲಿ ಮರಿಗಳಿರುವ ಗೂಡು ಕಂಡುಬಂದರೆ?
ಉತ್ತರ: ಕೆಲಸವನ್ನು ನಿಲ್ಲಿಸಿ ವೃಕ್ಷ ಅಧಿಕಾರಿಗೆ ತಿಳಿಸತಕ್ಕದ್ದು. ಮರಿಗಳು ಹಾರಿಹೋಗುವವರೆಗೆ ಕೆಲಸವನ್ನು ಮುಂದೂಡುವುದು ಉಚಿತ.

11. ಸಾರ್ವಜನಿಕರ ಗಮನಕ್ಕೆ

ಕಡಿದ ಮರವನ್ನು ಯಾವ ಆದೇಶವೂ ಮತ್ತೆ ನಿಲ್ಲಿಸಲಾರದು. ಆದ್ದರಿಂದ ಮಾಲೀಕರು ನಕ್ಷೆ ಬರೆಸುವ ಮುನ್ನ ಅರ್ಜಿ ಸಲ್ಲಿಸುವುದು, ನೆರೆಹೊರೆಯವರು ಕೊಡಲಿ ಬೀಳುವ ಮುನ್ನ ಆಕ್ಷೇಪಣೆ ಸಲ್ಲಿಸುವುದು ಇಬ್ಬರಿಗೂ ಹಿತಕರ. ಮಾಲೀಕರು ಅರ್ಜಿ ಸಲ್ಲಿಸುವ ವೇಳೆಯಲ್ಲಿಯೇ ಅಕ್ಕಪಕ್ಕದವರಿಗೆ ವಿಷಯ ತಿಳಿಸಿದಲ್ಲಿ ಬಹಳಷ್ಟು ವಿವಾದಗಳು ಆರಂಭದಲ್ಲಿಯೇ ಪರಿಹಾರವಾಗುತ್ತವೆ.

ಈ ಪುಟದ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಸಂಕ್ಷಿಪ್ತವಾಗಿ ನೀಡಲಾಗಿದೆ. ಯಾವುದೇ ಸಂದೇಹ ಉಂಟಾದಲ್ಲಿ ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ. ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ವೃಕ್ಷ ಅಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.